ಅಜ್ಜಿ ಏಳದಿದ್ದರೆ

ಎರ್ರೆಮ್ಮ ಬಳ್ಳಾರಿಯ ಆಸ್ಪತ್ರೆಯಿಂದ ಮನೆಗೆ ಬಂದ ದಿನ ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ಓಣಿಯವರೆಲ್ಲ ನೋಡಲು ಬಂದರು. ಬಂದವರಿಗೆಲ್ಲ ಅವಳ ಗಂಡ ಓಬಳಪ್ಪ ಒಂದೇ ಕಥೆ ಹೇಳಿದ. ರೊಟ್ಟಿ ಬಡಿಯುತ್ತಿದ್ದವಳು ಎದೆ ಹಿಡಿದುಕೊಂಡದ್ದು, ಗ್ಯಾಸು ಇರಬೇಕೆಂದು ಓಂಕಾಳು ತಿನ್ನಿಸಿದ್ದು, ಬೆವರಿನಲ್ಲಿ ಸೀರೆಯೆಲ್ಲ ತೊಯ್ದಾಗ ಆಟೋ ತಂದದ್ದು, ಹೊಸಪೇಟೆಯ ಡಾಕ್ಟರು ಹಾರ್ಟ್ ಅಟ್ಯಾಕ್ ಎಂದು ಆಂಬುಲೆನ್ಸಿನಲ್ಲಿ ಬಳ್ಳಾರಿಗೆ ಓಡಿಸಿದ್ದು, ಅಲ್ಲಿ ಸ್ಟೆಂಟ್ ಹಾಕಿದ್ದು.

“ಈಗೇನೂ ಇಲ್ಲ. ಎಲ್ಲ ಕ್ಲಿಯರ್ ಆಗೈತಿ,” ಎಂದು ಆತ ಪ್ರತಿ ಸಲ ಮುಗಿಸುತ್ತಿದ್ದ.

ಓಬಳಪ್ಪ ತುಂಗಭದ್ರಾ ಡ್ಯಾಂನ ಕಾಲುವೆ ಆಫೀಸಿನಲ್ಲಿ ಜವಾನ. ಕಾಲುವೆಗೆ ಅಡ್ಡ ಸಿಕ್ಕ ಕಸ ತೆಗೆದರೆ ನೀರು ತಾನಾಗಿ ಹರಿಯುತ್ತದೆ, ಹೆಂಡತಿಯ ಎದೆಯಲ್ಲಿ ಆದದ್ದೂ ಅಷ್ಟೇ ಎಂದು ಆತ ತಿಳಿದಿದ್ದ. ಮಗ ಪರಶುರಾಮ್ ದೋಣಿಮಲೈ ಗಣಿಯಲ್ಲಿ ಗುತ್ತಿಗೆಯ ಮೇಲೆ ಡಂಪರ್ ಓಡಿಸುತ್ತಿದ್ದ. ನಸುಕಿನಲ್ಲಿ ಬಸ್ಸು ಹತ್ತಿದರೆ ಸಂಜೆಗೇ ಮನೆ. ಕೆಂಪು ಧೂಳು ಅವನ ಕಿವಿಯ ಹಿಂದಿನಿಂದ ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ಸೊಸೆ ಪಲ್ಲವಿ ಕಂಪ್ಲಿಯ ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತದ ಅತಿಥಿ ಶಿಕ್ಷಕಿ. ಆ ಓಣಿಯಲ್ಲಿ ಟೀಚರ್ ಆದ ಮೊದಲ ಹೆಣ್ಣು ಅವಳು. ಎರ್ರೆಮ್ಮ ಹುಡುಗಿಯಾಗಿದ್ದಾಗ ಅದೇ ಕಂಪ್ಲಿಯ ಗದ್ದೆಗಳಲ್ಲಿ ಭತ್ತದ ನಾಟಿಗೆ ಹೋಗುತ್ತಿದ್ದವಳು. “ನಾನು ಕೆಸರಾಗ ನಿಂತ ಊರಾಗ ನನ್ನ ಸೊಸಿ ಪಾಠ ಹೇಳ್ತಾಳ,” ಎಂದು ನಲ್ಲಿಯ ಹತ್ತಿರ ಹೆಂಗಸರ ಮುಂದೆ ಹೇಳಿಕೊಳ್ಳುತ್ತಿದ್ದಳು. ಆದರೆ ಈಗ ನಾಲ್ಕು ವರ್ಷದ ಮೊಮ್ಮಗಳು ಪಂಪಾ ಹುಟ್ಟಿದ ಹೊಸತರಲ್ಲಿ ಮಾತ್ರ, “ಕೂಸು ದೊಡ್ಡದಾಗಾ ತನಕ ಮನ್ಯಾಗಿರವ್ವ,” ಎಂದು ಹಟ ಹಿಡಿದಿದ್ದಳು. ಆ ಮಾತನ್ನು ಪಲ್ಲವಿ ಮರೆತಿರಲಿಲ್ಲ.

ಅತಿಥಿ ಶಿಕ್ಷಕರಿಗೆ ರಜೆ ಎನ್ನುವುದೇ ಇಲ್ಲ. ಅತ್ತೆ ಆಸ್ಪತ್ರೆಯಲ್ಲಿದ್ದಷ್ಟು ದಿನ ಪಲ್ಲವಿ ಶಾಲೆಗೆ ಹೋಗಿರಲಿಲ್ಲ. ಹೆಡ್ ಮಾಸ್ತರರಾದ ವಿಜಯಕುಮಾರ್ ಒಳ್ಳೆಯವರೇ. ಆದರೂ, “ಹತ್ತನೇ ಕ್ಲಾಸಿನ ಮಕ್ಕಳು ಖಾಲಿ ಕೂತಾರ ಮೇಡಂ, ನಾನು ಎಷ್ಟು ದಿನ ಸುಮ್ಮನಿರಲಿ?” ಎಂದು ಫೋನಿನಲ್ಲಿ ಕೇಳಿದ್ದರು.

“ನೀನು ಹೋಗು. ನಾನು ಪಂಪಾನ ನೋಡ್ಕಂತೀನಿ,” ಎಂದಳು ಎರ್ರೆಮ್ಮ.

“ಆಗ್ತೈತೇನ್ರಿ ಅತ್ತಿ?”

“ಕೂಸಿನ ಕೂಡ ಕುಂದ್ರಾಕ ಏನು ಕಷ್ಟ?”

ಪಲ್ಲವಿ ನಸುಕಿನಲ್ಲೇ ಎದ್ದು ಅನ್ನ ಸಾರು ಮಾಡಿಟ್ಟು ಕಂಪ್ಲಿ ಬಸ್ಸು ಹತ್ತತೊಡಗಿದಳು. ದಿನಗಳು ಉರುಳಿದಂತೆ ಎರ್ರೆಮ್ಮ ಮೊದಲು ಅಕ್ಕಿ ಆರಿಸಿದಳು, ಆಮೇಲೆ ಪಲ್ಯ ಹೆಚ್ಚಿದಳು, ಆಮೇಲೆ ಒಲೆಯ ಮುಂದೆಯೇ ನಿಂತಳು. ಯಾರೂ ಮಾಡು ಅನ್ನಲಿಲ್ಲ, ಯಾರೂ ಬೇಡ ಅನ್ನಲೂ ಇಲ್ಲ.

ಅದು ಮೊದಲ ಸಲ ಬಂದದ್ದು ಒಂದು ಮಧ್ಯಾಹ್ನ, ಪಂಪಾಳಿಗೆ ಅನ್ನ ಕಲಸುವಾಗ. ಎದೆಯೊಳಗೆ ಏನೋ ಹೊರಳಿತು. ಬಡಿತ ಒಮ್ಮೆ ನಿಂತಂತಾಗಿ, ಆಮೇಲೆ ದಿಕ್ಕೆಟ್ಟು ಓಡತೊಡಗಿತು. ಕೈಯ ತುತ್ತು ತಟ್ಟೆಗೆ ಬಿತ್ತು. ಕಣ್ಣ ಮುಂದೆ ಕತ್ತಲು ಬಂದು ಹೋಯಿತು. ಸಂಜೆ ಪರಶುರಾಮ್ ಬಂದೊಡನೆ ಹೇಳಿದಳು.

“ನೋವಾತೇನವ್ವಾ?”

“ನೋವಲ್ಲಪ್ಪಾ. ಎದಿಯಾಗ ಮೀನು ಒದ್ದಾಡಿದಂಗ. ಆಮ್ಯಾಲ ತಾನ ಸುಮ್ಮನಾತು.”

ಅವನು ಬಟ್ಟೆ ಕೂಡ ಬದಲಿಸದೆ ಅವ್ವನನ್ನು ಬೈಕಿನಲ್ಲಿ ಕೂರಿಸಿಕೊಂಡು ಹೊಸಪೇಟೆಯ ಡಾಕ್ಟರ ಬಳಿಗೆ ಹೋದ. ಇಸಿಜಿ ತೆಗೆದರು. ಅಟ್ಯಾಕ್ ಆದ ಗುರುತು ಬಿಟ್ಟರೆ ಹೊಸದೇನೂ ಕಾಣಲಿಲ್ಲ. ಮುಂದಿನ ವಾರ ಮತ್ತೆ ಹಾಗೇ ಆಯಿತು, ಮತ್ತೆ ಹೋದರು. ಮತ್ತೆ ಕಾಗದದ ಮೇಲೆ ಗೆರೆಗಳು ಸರಿಯಾಗಿಯೇ ಬಂದವು.

“ಇದು ಬಂದು ಹೋಗುವಂಥದ್ದಿರಬಹುದು,” ಎಂದರು ಡಾಕ್ಟರು. “ಇಲ್ಲಿಗೆ ಬರೋ ಹೊತ್ತಿಗೆ ನಿಂತಿರುತ್ತೆ. ಬಳ್ಳಾರಿಯಲ್ಲಿ ಒಂದು ಮಷಿನ್ ಕಟ್ಟುತ್ತಾರೆ. ಒಂದು ದಿನ ಪೂರ್ತಿ ಮೈಮೇಲೇ ಇರುತ್ತೆ, ಪ್ರತಿಯೊಂದು ಬಡಿತವನ್ನೂ ಹಿಡಿಯುತ್ತೆ. ಅದನ್ನ ಮಾಡಿಸಿ. ತಡ ಮಾಡಬೇಡಿ.”

ಮಾಡಿಸಬೇಕು ಎಂದು ಎಲ್ಲರೂ ಒಪ್ಪಿದರು. ಮಷಿನ್ ಕಟ್ಟಿಸಲು ಒಂದು ದಿನ, ಬಿಚ್ಚಿಸಲು ಒಂದು ದಿನ ಬಳ್ಳಾರಿಗೆ ಹೋಗಬೇಕು. ಪರಶುರಾಮ್ ಆಗಲೇ ಸಾಕಷ್ಟು ದಿನ ಕೆಲಸ ತಪ್ಪಿಸಿದ್ದ, ಸೂಪರ್‌ವೈಸರ್ ಮುಖ ಗಂಟು ಹಾಕಿಕೊಂಡಿದ್ದ. ಪಲ್ಲವಿಯ ಶಾಲೆಯಲ್ಲಿ ಅರ್ಧವಾರ್ಷಿಕ ಪರೀಕ್ಷೆ. ಓಬಳಪ್ಪನ ಆಫೀಸಿಗೆ ಮೇಲಿನ ಸಾಹೇಬರು ಬರುವವರಿದ್ದರು. ಮುಂದಿನ ವಾರ ಅಂದರು. ಅದು ಬಂದಾಗ ಅದರ ಮುಂದಿನ ವಾರ ಅಂದರು.

ಒಂದು ಬುಧವಾರ ಪಲ್ಲವಿ ಬೋರ್ಡಿನ ಮೇಲೆ ಲೆಕ್ಕ ಬರೆಯುತ್ತಿದ್ದಾಗ ಪಕ್ಕದ ಮನೆಯ ಅನ್ನಪೂರ್ಣಳ ಫೋನು ಬಂತು. “ನಿಮ್ಮತ್ತಿಗೆ ಭಾಳ ಆಗೈತಿ, ಜಲ್ದಿ ಬಾ.” ಅವಳು ಕ್ಲಾಸನ್ನು ನಡುವೆಯೇ ಬಿಟ್ಟು ಬಸ್ಸಿನಲ್ಲಿ ನಿಂತೇ ಬಂದಳು. ಎರ್ರೆಮ್ಮ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಅನ್ನಪೂರ್ಣ ತಂದ ಚಹಾ ಕುಡಿಯುತ್ತಿದ್ದಳು. ಇಸಿಜಿ ಮತ್ತೆ ಸರಿ ಇತ್ತು.

ಆ ಸಂಜೆ ಬಚ್ಚಲಿನಲ್ಲಿ ಪಾತ್ರೆ ತಿಕ್ಕುತ್ತಿದ್ದ ಪಲ್ಲವಿಯ ಕೈಯಿಂದ ತಟ್ಟೆಗಳು ದಬದಬ ಬೀಳತೊಡಗಿದವು.

“ಪಾತ್ರಿ ಮ್ಯಾಲ ಯಾಕ ಸಿಟ್ಟು ತೆಗೀತಿ?” ಎಂದ ಪರಶುರಾಮ್.

“ಮತ್ಯಾರ ಮ್ಯಾಲ ತೆಗೀಲಿ? ಹೆಡ್ ಮಾಸ್ತರು ಇವತ್ತು ನನ್ನ ಮಾರಿ ಕೂಡ ನೋಡ್ಲಿಲ್ಲ. ಮನ್ಯಾಗಿರ್ರಿ ಮೇಡಂ ಅನ್ನಾದು ಒಂದೇ ಬಾಕಿ.”

“ಅವ್ವಗ ಆರಾಮಿಲ್ಲ ಅಂದ್ರ ಏನ್ಮಾಡಾಕ ಬರ್ತೈತಿ?”

“ಆರಾಮಿಲ್ಲ ಅಂತ ಯಾರು ಹೇಳ್ಯಾರ? ಹೋದಾಗೊಮ್ಮೆ ನಾರ್ಮಲ್ ಅಂತಾರ. ನಿಮಗ ಕಾಣಲ್ಲೇನ್ರಿ? ನಾನು ನೌಕರಿಗೆ ಹೋಗಾದು ಮೊದ್ಲಿಂದ್ಲೂ ನಿಮ್ಮವ್ವಗ ಬ್ಯಾಡಾಗಿತ್ತು. ಈಗ ಎದಿ ಹಿಡ್ಕಂಡು ಕುಂತ್ರ ನಾನೇ ಬಿಡ್ತೀನಿ ಅಂತ ಗೊತ್ತೈತಿ.”

ಪರಶುರಾಮ್ ಹೆಂಡತಿಗೆ ಎದುರು ಮಾತಾಡಬೇಕಿತ್ತು. ದಿನವಿಡೀ ಗಣಿಯ ಏರಿನಲ್ಲಿ ಡಂಪರ್ ಹತ್ತಿಸಿ ಇಳಿಸಿ ಅವನಿಗೂ ಸಾಕಾಗಿತ್ತು. “ಆಕಿಗೆ ಒಂದೀಟು ಅಂಜಿಕಿ ಐತಿ. ಅಟ್ಯಾಕ್ ಆದವ್ರಿಗೆ ಹಂಗಾಗ್ತೈತಂತ,” ಎಂದಷ್ಟೇ ಹೇಳಿ ಎದ್ದು ಹೋದ.

ಬಾಗಿಲ ಮರೆಯಲ್ಲಿ ಎರ್ರೆಮ್ಮ ನೀರಿನ ತಂಬಿಗೆ ಹಿಡಿದು ನಿಂತಿದ್ದಳು. ಒಳಗೆ ಟಿ.ವಿ. ನೋಡುತ್ತಿದ್ದ ಗಂಡನ ಬಳಿ ಹೋಗಿ ಕೂತಳು. “ಇವತ್ತು ನಂಗ ಭಾಳ ಅಂಜಿಕಿ ಆಗಿತ್ತು ನೋಡ್ರಿ. ಜೀವ ಹೋದಂಗ ಆಗಿ ತಿರುಗಿ ಬಂತು.”

“ಡಾಕ್ಟರು ಏನಿಲ್ಲ ಅಂದ್ರಲ್ಲ. ಮನಸ್ಸಿಗೆ ಹಚ್ಕೋಬ್ಯಾಡ,” ಎಂದು ಓಬಳಪ್ಪ ರಿಮೋಟ್ ಒತ್ತಿ ದನಿ ಏರಿಸಿದ.

ಮರುದಿನದಿಂದ ಎರ್ರೆಮ್ಮ ಎದೆಯ ಮಾತೆತ್ತಲಿಲ್ಲ. ಹೇಗಿದ್ದೀ ಎಂದರೆ, “ಏನಿಲ್ಲ, ಚಲೋ ಅದೀನಿ,” ಅನ್ನುತ್ತಿದ್ದಳು. ಮನೆಗೆ ಉಸಿರು ಬಂದಂತಾಯಿತು. ಪಲ್ಲವಿ ಒಂದು ದಿನವೂ ತಪ್ಪದೆ ಶಾಲೆಗೆ ಹೋದಳು. ಪರಶುರಾಮನಿಗೆ ಓವರ್‌ಟೈಮ್ ಸಿಕ್ಕಿತು. ಸಂಜೆ ಎಲ್ಲರೂ ಕೂತಾಗ ಬಿಸಿ ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಚಟ್ನಿ ಇರುತ್ತಿತ್ತು. ಉಪ್ಪು ಕಡಿಮೆ ಎಂದು ಓಬಳಪ್ಪ ಗೊಣಗುತ್ತಿದ್ದ. “ನಂಗ ಡಾಕ್ಟರು ಹೇಳಿದ್ದು ನಿಮಗೂ ಹೇಳಿದಂಗ, ಉಣ್ರಿ,” ಎಂದು ಎರ್ರೆಮ್ಮ ನಗುತ್ತಿದ್ದಳು. ಬಳ್ಳಾರಿಯ ಮಷಿನ್ನಿನ ಸುದ್ದಿ ಹಿಂದೆ ಬಿತ್ತು.

ಸಣ್ಣಪುಟ್ಟ ಬದಲಾವಣೆಗಳು ಎಲ್ಲರ ಕಣ್ಣಿಗೂ ಬಿದ್ದಿದ್ದವು. ಕಟ್ಟೆಯ ಮೇಲಿದ್ದ ಗ್ಯಾಸ್ ಒಲೆ ನೆಲಕ್ಕೆ ಇಳಿದಿತ್ತು. “ನಿಂತು ಮಾಡಾಕ ಕಾಲು ಸೋಲ್ತಾವು,” ಎಂದಿದ್ದಳು. ಪಂಪಾಳ ಸ್ನಾನವನ್ನು ಬೆಳಿಗ್ಗೆ ನೀನೇ ಮುಗಿಸಿ ಹೋಗು ಎಂದು ಸೊಸೆಗೆ ಹೇಳಿದ್ದಳು. ಅಂಗಳದ ನೀರಿನ ಡ್ರಮ್ಮನ್ನು ಬೋರಲು ಹಾಕಿ ಎರಡು ಕೊಡದಲ್ಲೇ ದಿನ ಸಾಗಿಸುತ್ತಿದ್ದಳು. ಹಗಲು ಹೊತ್ತು ಮುಂಬಾಗಿಲಿಗೆ ಚಿಲಕ ಹಾಕುತ್ತಿರಲಿಲ್ಲ. “ನಾಯಿ ನುಗ್ಗಿದ್ರ ಏನ್ಮಾಡ್ತಿ?” ಎಂದು ಓಬಳಪ್ಪ ಬೈದರೆ, “ಗಾಳಿ ಬರ್ತೈತಿ,” ಅನ್ನುತ್ತಿದ್ದಳು. ವಯಸ್ಸಾಯಿತು, ಹೀಗೇ, ಎಂದು ಎಲ್ಲರೂ ಸುಮ್ಮನಾದರು.

ಹೀಗಿರುವಾಗ ಒಂದು ಭಾನುವಾರ ಪರಶುರಾಮ್ ಡ್ಯೂಟಿಗೆ ಹೋಗಿದ್ದ. ಓಬಳಪ್ಪ ಡ್ಯಾಂ ಕಡೆ ಯಾರನ್ನೋ ಕಾಣಲು ಹೋಗಿದ್ದ. ಎರ್ರೆಮ್ಮ ಜೋಳದ ಡಬ್ಬಿ ಹೊತ್ತು ಗಿರಣಿಗೆ ಹೋದಳು. ಪಲ್ಲವಿ ಉತ್ತರಪತ್ರಿಕೆ ತಿದ್ದುತ್ತ ಚಾಪೆಯ ಮೇಲೆ ಹಾಗೇ ನಿದ್ದೆ ಹೋದಳು. ವಾರವಿಡೀ ನಸುಕಿನಲ್ಲಿ ಏಳುವವಳು. ಮಗಳು ಭುಜ ಅಲುಗಿಸಿದ್ದು ಅವಳಿಗೆ ಗೊತ್ತಾಗಲಿಲ್ಲ.

ಮುಖಕ್ಕೆ ತಣ್ಣೀರು ಬಿದ್ದಾಗ ಎಚ್ಚರವಾಯಿತು. ಅನ್ನಪೂರ್ಣ ಮೇಲೆ ಬಾಗಿ ನಿಂತಿದ್ದಳು. ಕೈಯೆಲ್ಲ ಸೋಪಿನ ನೊರೆ, ಏದುಸಿರು. ಪಲ್ಲವಿ ಎದ್ದು ಕೂತದ್ದನ್ನು ನೋಡಿ ಅವಳು ಗೋಡೆಗೆ ಒರಗಿ ಕುಸಿದಳು.

“ನೀನೇನು? ನಾನು ಎರ್ರಕ್ಕ ಅಂದ್ಕಂಡೆ.”

“ಅತ್ತಿ ಗಿರಣಿಗೆ ಹೋಗ್ಯಾರ. ಯಾಕ್ರಿ ಅಕ್ಕಾ, ಏನಾತು?”

ಅನ್ನಪೂರ್ಣ ಪಂಪಾಳ ಕಡೆ ನೋಡಿದಳು. ಸೆರಗಿನಲ್ಲಿ ಕೈ ಒರೆಸಿಕೊಂಡಳು. “ಎರ್ರಕ್ಕ ಈ ಕೂಸಿನ ತಲಿ ಮ್ಯಾಲ ಆಣಿ ಮಾಡಿಸ್ಯಾಳ, ಪಲ್ಲವಿ. ನನ್ನ ಬಾಯಿಂದ ಹೊರಡಂಗಿಲ್ಲ. ನಿನ್ನ ಮಗಳನ್ನ ಕೇಳು,” ಎಂದು ಎದ್ದು ಹೊರಟಳು. ಹೊಸ್ತಿಲು ದಾಟುವಾಗ ಅವಳು ಅಳುತ್ತಿದ್ದಳು.

ಪಲ್ಲವಿ ಮಗಳನ್ನು ಹತ್ತಿರ ಎಳೆದುಕೊಂಡಳು. “ಅನ್ನಪೂರ್ಣಮ್ಮನ ಯಾಕ ಕರಕಂಡು ಬಂದಿ?”

“ನೀ ಏಳ್ಲಿಲ್ಲಲ್ಲ,” ಎಂದಿತು ಪಂಪಾ. “ಅಜ್ಜಿ ಹೇಳ್ಯಾಳ. ಮೊದ್ಲು ಅಲುಗಾಡಸ್ಬೇಕು. ಆಮ್ಯಾಲ ಬೆರಳಿಲೆ ಕಣ್ಣು ತೆಗೀಬೇಕು. ಆದ್ರೂ ಏಳ್ಲಿಲ್ಲ ಅಂದ್ರ ಓಡಿ ಹೋಗಿ ಕರೀಬೇಕು. ಒಲಿ ಹಂತ್ಯಾಕ ಹೋಗಬಾರ್ದು. ಅಳಬಾರ್ದು. ಅತ್ತರ ಆಟ ಕೆಡ್ತೈತಿ.”

“ಇದು ಆಟೇನು?”

“ಹ್ಞೂಂ. ಅಜ್ಜಿ ಮಕ್ಕೊಳ್ಳಾ ಆಟ.”

“ಅಜ್ಜಿ ಸುಳ್ಳೇ ಮಕ್ಕಂತಾಳೋ, ಖರೇನ ಮಕ್ಕಂತಾಳೋ?”

ಕೂಸು ಸ್ವಲ್ಪ ಯೋಚಿಸಿತು. “ಒಂದೊಂದ್ಸಲ ಸುಳ್ಳು. ಒಂದೊಂದ್ಸಲ ಖರೆ. ಒಂದ್ಸಲ ಭಾಳ ಹೊತ್ತು ಏಳ್ಲಿಲ್ಲ. ಬಾಯಾಗ ನೊರಿ ಬಂತು. ನಾನು ಅಳ್ಲಿಲ್ಲಮ್ಮಾ.”

ಎರ್ರೆಮ್ಮ ಹಿಟ್ಟಿನ ಡಬ್ಬಿಯನ್ನು ಸೊಂಟಕ್ಕೆ ಇಟ್ಟುಕೊಂಡು ಬಂದಾಗ ಸೊಸೆ ಅಡುಗೆಮನೆಯ ನೆಲದ ಮೇಲಿನ ಒಲೆಯನ್ನೇ ನೋಡುತ್ತ ನಿಂತಿದ್ದಳು.

“ಎಷ್ಟು ಸಲ ಬಿದ್ದೀರಿ ಅತ್ತಿ?”

ಎರ್ರೆಮ್ಮ ಡಬ್ಬಿ ಇಳಿಸಿದಳು. ಪಂಪಾಳ ಕಡೆ ನೋಡಿದಳು. ಸುಳ್ಳು ಹೇಳುವುದಕ್ಕೆ ಇನ್ನು ದಾರಿಯಿಲ್ಲ ಎಂದು ಅವಳಿಗೆ ತಿಳಿಯಿತು. “ಲೆಕ್ಕ ಇಟ್ಟಿಲ್ಲವ್ವ.”

“ನನ್ನ ಮಗಳು ಎದುರಿಗಿದ್ಲು. ಒಲಿ ಉರೀತಿತ್ತು. ಆಕಿಗೆ ಏನಾರ ಆಗಿದ್ರ? ಇಷ್ಟು ದಿನ ಬಾಯಿ ಮುಚ್ಕಂಡು ಕುಂತೀರಲ್ಲ, ನಿಮಗೆ ಹೆಂಗ ಮನಸ್ಸು ಬಂತು?”

“ಬಿದ್ರ ಕುಂತಲ್ಲೇ ಬೀಳ್ಲಿ ಅಂತ ಒಲಿ ಕೆಳಗ ಇಳಿಸೀನಿ. ಆಕಿ ಮುಂದ ಒಲಿ ಹಚ್ಚಂಗಿಲ್ಲ, ಮಕ್ಕಂಡಾಗ ಮಾಡ್ತೀನಿ. ಡ್ರಮ್ಮಿನಾಗ ನೀರು ಇಟ್ಟಿಲ್ಲ. ಬಾಗ್ಲು ತೆರದಿರ್ತೈತಿ.”

“ಅದಲ್ಲ ನಾ ಕೇಳಿದ್ದು. ಯಾಕ ಹೇಳ್ಲಿಲ್ಲ?”

ಎರ್ರೆಮ್ಮ ನೆಲಕ್ಕೆ ಕೂತಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. “ಹೇಳಿದ್ರ ನಂಬ್ತಿದ್ದೇನು?”

ಪಲ್ಲವಿ ಒಲೆಯ ಕಡೆ ಮುಖ ತಿರುಗಿಸಿದಳು.

“ಬಚ್ಚಲದಾಗ ನೀ ಅಂದದ್ದು ಕೇಳೀನಿ. ನಿಂದೇನು ತಪ್ಪಿಲ್ಲ. ಆ ಮಷಿನ್ ಕಾಗದಾನೇ ನಂದು ಸುಳ್ಳು ಅಂತಿತ್ತು. ಒಮ್ಮೊಮ್ಮೆ ನಂಗೂ ಹಂಗ ಅನ್ನಿಸ್ತಿತ್ತು, ನಾನ ನಾಟಕ ಮಾಡಾಕತ್ತೀನೇನೋ ಅಂತ. ಆದ್ರ ಬಿದ್ದಾಗ ಮಾತ್ರ ಖರೇನ ಬೀಳ್ತಿದ್ದೆ ಪಲ್ಲವಿ. ಎದ್ದಾಗ ಪಂಪಾನ ಮಾರಿ ಮ್ಯಾಲ ಇರ್ತಿತ್ತು. ಮತ್ತ ನೀನು ನೌಕರಿ ಬಿಟ್ರ, ಅದು ನನ್ನ ಸಲುವಾಗಿ ಅಂತ ದಿನಾ ನಾನು ನಿನ್ನ ಮಾರಿ ನೋಡ್ಬೇಕಿತ್ತು. ಅದು ನನ್ನ ಕೈಲಿ ಆಗ್ತಿರ್ಲಿಲ್ಲ.”

ಪಲ್ಲವಿ ಅತ್ತೆಯ ಎದುರು ಕೂತು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಹಿಟ್ಟಿನ ಡಬ್ಬಿ ಇನ್ನೂ ಬೆಚ್ಚಗಿತ್ತು. ಪಂಪಾ ಬಂದು ಅಮ್ಮನ ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿತು.

ಸಂಜೆ ಗಂಡಸರಿಬ್ಬರೂ ಬಂದ ಮೇಲೆ ಪಲ್ಲವಿಯೇ ಎಲ್ಲವನ್ನೂ ಹೇಳಿದಳು. ತಾನು ಬಚ್ಚಲಲ್ಲಿ ಅಂದದ್ದನ್ನೂ ಬಿಡಲಿಲ್ಲ. ಪರಶುರಾಮ್ ಊಟದ ತಟ್ಟೆಯ ಮುಂದಿನಿಂದ ಎದ್ದು ಅಂಗಳಕ್ಕೆ ಹೋಗಿ ಬೋರಲು ಹಾಕಿದ ಡ್ರಮ್ಮಿನ ಮೇಲೆ ಕೂತ. ಓಬಳಪ್ಪ ಮಾತ್ರ ಹೆಂಡತಿಯ ಮೇಲೆ ರೇಗಿದ.

“ಸೊಸಿಗೆ ಹೇಳ್ಲಿಲ್ಲ, ಮಗಗ ಹೇಳ್ಲಿಲ್ಲ. ನಂಗರ ಹೇಳಬೇಕಿಲ್ಲೇನು? ನಾನೇನು ಸತ್ತಿದ್ನೇನು?”

“ನಿಮಗ ಹೇಳಿದ್ದೆ. ನೀವು ಟಿ.ವಿ. ದನಿ ಏರಿಸಿದ್ರಿ.”

ಆ ದಿನ ಯಾರೂ ಸರಿಯಾಗಿ ಉಣ್ಣಲಿಲ್ಲ. ರೊಟ್ಟಿ ಬುಟ್ಟಿಯಲ್ಲೇ ಒಣಗಿದವು.

ಮರುದಿನವೇ ಪಲ್ಲವಿ ಅತ್ತೆಯನ್ನು ಬಳ್ಳಾರಿಗೆ ಕರೆದುಕೊಂಡು ಹೋದಳು. ಎದೆಗೆ ಬಿಲ್ಲೆಗಳನ್ನು ಅಂಟಿಸಿ, ವೈರುಗಳನ್ನು ಸೊಂಟದ ಸಣ್ಣ ಪೆಟ್ಟಿಗೆಗೆ ಸೇರಿಸಿ ಕಳಿಸಿದರು. ಮನೆಯಲ್ಲಿ ಎರ್ರೆಮ್ಮ ಆ ಪೆಟ್ಟಿಗೆಯ ಮೇಲೆ ಕೈಯಿಟ್ಟುಕೊಂಡೇ ಕೂತಿದ್ದಳು. “ಇವತ್ತ ಬರಲಿಲ್ಲ ಅಂದ್ರ?” ಎಂದು ಕೇಳಿದಳು. ಅದು ಬರಲಿ ಎಂದು ಆಸೆಪಡುವುದೋ, ಬಾರದಿರಲಿ ಎನ್ನುವುದೋ ಪಲ್ಲವಿಗೆ ತಿಳಿಯಲಿಲ್ಲ. “ಬರದಿದ್ರೂ ನಾ ನಂಬೀನ್ರಿ,” ಎಂದಳು.

ಅದು ಬಂತು. ಬಿಚ್ಚಿಸಿಕೊಂಡು ಮನೆಗೆ ತಿರುಗಿದ ಮಧ್ಯಾಹ್ನವೇ ಆಸ್ಪತ್ರೆಯಿಂದ ಫೋನು: ಎಲ್ಲಿದ್ದರೂ ಹೊರಟು ಬನ್ನಿ, ಅಡ್ಮಿಟ್ ಆಗಬೇಕು.

ಅಲ್ಲಿಯ ಡಾಕ್ಟರಮ್ಮ ಕಾಗದದ ಮೇಲೆ ಹೃದಯ ಬರೆದು ತಿಳಿಸಿದರು. ಅಟ್ಯಾಕ್ ಆದಾಗ ಹೃದಯದ ಒಂದು ಭಾಗ ರಕ್ತವಿಲ್ಲದೆ ಸತ್ತಿದೆ. ಅಲ್ಲಿ ಕಲೆ ಉಳಿದಿದೆ. ಬಡಿತ ನಡೆಸುವ ಕರೆಂಟು ಆ ಕಲೆಯ ಸುತ್ತ ಸಿಕ್ಕಿಕೊಂಡು ಗಿರಗಿರ ತಿರುಗುತ್ತದೆ. ಆಗ ಹೃದಯ ಬಡಿಯುವುದಿಲ್ಲ, ಬರೀ ನಡುಗುತ್ತದೆ ಅನ್ನುವಷ್ಟು ಜೋರಾಗಿ ಓಡುತ್ತದೆ, ರಕ್ತ ಮೇಲೇರುವುದಿಲ್ಲ.

“ಎಲ್ಲ ಕ್ಲಿಯರ್ ಆಗೈತಿ ಅಂದಿದ್ರಲ್ರಿ,” ಎಂದ ಓಬಳಪ್ಪ.

“ರಕ್ತನಾಳ ಕ್ಲಿಯರ್ ಆಗಿದೆ ಯಜಮಾನ್ರೆ. ಅದು ದಾರಿ. ಇದು ಬಡಿತದ ಮಾತು, ಬೇರೆ. ಇಷ್ಟು ದಿನ ತಾನಾಗೇ ನಿಂತಿದೆ. ಪ್ರತಿ ಸಲ ನಿಲ್ಲುತ್ತೆ ಅಂತಿಲ್ಲ. ಭುಜದ ಕೆಳಗೆ ಒಂದು ಯಂತ್ರ ಇಡಬೇಕು. ಬಡಿತ ಕೆಟ್ಟಾಗ ಅದು ಒಳಗಿಂದಲೇ ಶಾಕ್ ಕೊಟ್ಟು ಸರಿ ಮಾಡುತ್ತೆ. ಬೆಂಗಳೂರಿಗೆ ಕಳಿಸಬೇಕು.”

ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಹಾಸಿಗೆ ಸಿಗಬೇಕಿತ್ತು, ಸರ್ಕಾರದ ಯೋಜನೆಯಲ್ಲಿ ಯಂತ್ರ ಮಂಜೂರಾಗಬೇಕಿತ್ತು. ಪರಶುರಾಮ್ ಕೆಲಸ ಬಿಟ್ಟು ಕಚೇರಿಗಳ ಕಿಟಕಿಯಿಂದ ಕಿಟಕಿಗೆ ಅಲೆದ. ಇವತ್ತು ಸಾಹೇಬರಿಲ್ಲ, ನಾಳೆ ಸರ್ವರ್ ಇಲ್ಲ. “ನನ್ನವ್ವ ಅಲ್ಲಿ ಮಂಚದ ಮ್ಯಾಲ ಅದಾಳ್ರಿ,” ಎಂದು ಒಮ್ಮೆ ಕಿಟಕಿಯೊಳಗೆ ಕೈ ಹಾಕಿ ಗುಮಾಸ್ತನ ತೋಳು ಹಿಡಿದುಬಿಟ್ಟ. ಆತ ಬೈಯಲಿಲ್ಲ. ಸಿಟ್ಟಾಗಲೂ ಇಲ್ಲ. “ಹಿಂದೆ ನೋಡಪ್ಪ, ಅವರೆಲ್ಲ ಅದಕ್ಕೇ ಬಂದವರು,” ಎಂದ. ಪರಶುರಾಮ್ ಹಿಂದೆ ನೋಡಿದ, ಕೈ ಬಿಟ್ಟ.

ಕಾಯುತ್ತಿದ್ದ ಒಂದು ಬೆಳಿಗ್ಗೆ ಓಬಳಪ್ಪ ಇಡ್ಲಿ ತಂದು ವಾರ್ಡಿನಲ್ಲಿ ಹೆಂಡತಿಗೆ ಮುರಿದು ಮುರಿದು ಕೊಡುತ್ತಿದ್ದ. ಮದುವೆಯಾಗಿ ಇಷ್ಟು ವರ್ಷದಲ್ಲಿ ಆತ ಅವಳಿಗೆ ಉಣಿಸಿದ್ದು ಆ ದಿನಗಳಲ್ಲಿ ಮಾತ್ರ. “ಚಟ್ನಿ ಖಾರೈತೇನು?” ಎಂದು ಕೇಳಿದ. ಎರ್ರೆಮ್ಮ ಉತ್ತರ ಕೊಡಲಿಲ್ಲ. ಅವಳ ಕಣ್ಣು ಮೇಲಕ್ಕೆ ಹೊರಳಿದ್ದವು. ತಲೆಯ ಮೇಲಿನ ಮಷಿನ್ ಕೂಗತೊಡಗಿತು. ನರ್ಸುಗಳು ಓಡಿಬಂದು ಆತನನ್ನು ಪಕ್ಕಕ್ಕೆ ನೂಕಿ ಪರದೆ ಎಳೆದರು. ಪರದೆಯ ಕೆಳಗಿನಿಂದ ಬರೀ ಕಾಲುಗಳು ಕಾಣುತ್ತಿದ್ದವು. ಯಾರೋ ದೂರ ಸರೀರಿ ಅಂದರು. ಮಂಚ ಧಡಕ್ಕೆಂದಿತು. ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೊಮ್ಮೆ ಧಡಕ್ಕೆಂದಿತು.

ಪರಶುರಾಮ್ ಬಂದಾಗ ಅಪ್ಪ ಗೋಡೆಗೆ ಮುಖ ಹಚ್ಚಿ ನಿಂತಿದ್ದ. ಮುಷ್ಟಿಯಲ್ಲಿ ಹಿಂಡಿದ ಇಡ್ಲಿಯ ಚೂರಿತ್ತು.

“ಅಪ್ಪಾ, ಅವ್ವ?”

“ಉಸಿರು ಬಂತಂತ,” ಎಂದ ಓಬಳಪ್ಪ. “ಬರೀ ನೋಡಿದೆ ಪರಶಾ. ನಾನು ಬರೀ ನೋಡ್ಕಂಡು ನಿಂತಿದ್ದೆ. ಕೈಕಾಲು ಆಡ್ಲಿಲ್ಲ. ಆ ಕೂಸು ಓಡಿ ಹೋಗಿ ಮಂದಿ ಕರಿತಿತ್ತು. ನಂಗ ಅಷ್ಟೂ ಆಗ್ಲಿಲ್ಲ.”

ಆ ಸಂಜೆಯೇ ಎರ್ರೆಮ್ಮಳನ್ನು ಆಂಬುಲೆನ್ಸಿನಲ್ಲಿ ಬೆಂಗಳೂರಿಗೆ ಸಾಗಿಸಿದರು. ಇಷ್ಟಾದ ಮೇಲೆ ಹಾಸಿಗೆಯೂ ಸಿಕ್ಕಿತು, ಮಂಜೂರಾತಿಯೂ ಬಂತು. ಪಲ್ಲವಿ ಜೊತೆಗೆ ಹೋದಳು, ಪಂಪಾ ಅನ್ನಪೂರ್ಣಳ ಮನೆಯಲ್ಲಿ ಉಳಿಯಿತು. ಯಂತ್ರ ಇಟ್ಟ ದಿನ ವಿಜಯಕುಮಾರ್ ಫೋನು ಮಾಡಿದರು. ಅವರ ಮಾತು ತಡವರಿಸುತ್ತಿತ್ತು. ವಾರ್ಷಿಕ ಪರೀಕ್ಷೆ ಹತ್ತಿರ ಬಂದಿದೆ, ಸಂಡೂರಿನ ಒಬ್ಬರನ್ನು ತೆಗೆದುಕೊಂಡಿದ್ದೇವೆ, ಮುಂದಿನ ವರ್ಷ ನೋಡೋಣ. “ಆಗ್ಲಿ ಸರ್,” ಎಂದು ಪಲ್ಲವಿ ಫೋನು ಇಟ್ಟಳು. ಆಸ್ಪತ್ರೆಯ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತಿದ್ದು, ಮುಖ ತೊಳೆದುಕೊಂಡು ವಾರ್ಡಿಗೆ ಹೋದಳು.

ಎರ್ರೆಮ್ಮ ಮನೆಗೆ ಬಂದಳು. ಎಡ ಭುಜದ ಕೆಳಗೆ ಚರ್ಮ ಉಬ್ಬಿ ಯಂತ್ರದ ಅಂಚು ಕೈಗೆ ಸಿಗುತ್ತಿತ್ತು. ಎಡಗೈ ಮೇಲೆತ್ತುವಂತಿರಲಿಲ್ಲ, ರೊಟ್ಟಿ ಬಡಿಯುವಂತಿರಲಿಲ್ಲ. ಓಬಳಪ್ಪ ಬಡಿಯಲು ಕೂತರೆ ರೊಟ್ಟಿ ಹರಿದು ಚೂರಾಗುತ್ತಿತ್ತು, ಆ ಚೂರನ್ನೇ ಎಲ್ಲರೂ ತಿನ್ನುತ್ತಿದ್ದರು. ಶಾಕ್ ಹೊಡೆದಾಗ ಮುಟ್ಟಿದವರಿಗೆ ಏನೂ ಆಗುವುದಿಲ್ಲ ಎಂದು ಡಾಕ್ಟರು ಹೇಳಿ ಕಳಿಸಿದ್ದರೂ ಎರ್ರೆಮ್ಮ ಪಂಪಾಳನ್ನು ತೊಡೆಯ ಮೇಲೆ ಕೂರಿಸಿಕೊಳ್ಳುತ್ತಿರಲಿಲ್ಲ.

ಒಂದು ವಾರ ಕಳೆದ ಮೇಲೆ ಅವಳು ಕೇಳಿದಳು. “ಶಾಲಿಗೆ ಯಾಕ ಹೋಗವಲ್ಲಿ?”

“ಬ್ಯಾರೇದವ್ರನ್ನ ತಗಂಡಾರ.”

ಎರ್ರೆಮ್ಮ ಉಣ್ಣುತ್ತಿದ್ದ ತಟ್ಟೆಯನ್ನು ಸರಿಸಿ ಗೋಡೆಯ ಕಡೆ ತಿರುಗಿದಳು.

“ಉಣ್ರಿ ಅತ್ತಿ.”

“ನಂಗ ಬ್ಯಾಡ.”

“ಉಣ್ರಿ ಅಂದೆ,” ಪಲ್ಲವಿ ತಟ್ಟೆಯನ್ನು ಮತ್ತೆ ಮುಂದೆ ಇಟ್ಟಳು. “ನಿಮ್ಮ ಸಲುವಾಗಿ ಹೋತು ಅಂತ ನಾ ಎಂದೂ ಅನ್ನಂಗಿಲ್ಲ ಅಂತ ಸುಳ್ಳು ಹೇಳಂಗಿಲ್ಲ. ಸಿಟ್ಟು ಬಂದಾಗ ಒಂದಿನ ಅಂದೇ ಅಂತೀನಿ. ಅವತ್ತು ನೀವೂ ನಂಗ ಬೈರಿ. ಆದ್ರ ಉಪಾಸ ಕುಂದ್ರಬ್ಯಾಡ್ರಿ.”

ಎರ್ರೆಮ್ಮ ತಿರುಗಿ ಕೂತು ಅನ್ನ ಕಲಸಿದಳು.

ಬೇಸಿಗೆ ಶುರುವಾಗುವ ಹೊತ್ತಿಗೆ ಪರಶುರಾಮನನ್ನು ಮತ್ತೆ ಕೆಲಸಕ್ಕೆ ತೆಗೆದುಕೊಂಡರು, ಡಂಪರ್ ಮೇಲಲ್ಲ, ಲಾರಿ ತೂಗುವ ವೇಬ್ರಿಡ್ಜಿನ ಹತ್ತಿರ. ಒಂದು ರಜಾದಿನ ಮಧ್ಯಾಹ್ನ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತಿದ್ದರು. ಅನ್ನ, ಟೊಮೆಟೊ ಸಾರು, ಹುರಿದ ಮೆಣಸಿನಕಾಯಿ. ಎರ್ರೆಮ್ಮ ಸಾರಿನ ಸೌಟು ಹಿಡಿದಿದ್ದಳು. ಒಮ್ಮೆಲೇ ಅವಳ ಮೈಯೆಲ್ಲ ಝಾಡಿಸಿತು. ಸೌಟು ಹಾರಿ ಗೋಡೆಗೆ ಬಡಿಯಿತು. ಅವಳು ಹಿಂದಕ್ಕೆ ವಾಲಿದಳು, ಪಲ್ಲವಿ ಬೆನ್ನಿಗೆ ಕೈ ಕೊಟ್ಟು ಹಿಡಿದಳು.

ಪಂಪಾ ಆಗಲೇ ಎದ್ದು ಬಾಗಿಲ ಕಡೆ ಓಡಿತ್ತು. ಪರಶುರಾಮ್ ಅದನ್ನು ಹಿಡಿದು ಎತ್ತಿಕೊಂಡ. ಓಬಳಪ್ಪ ಈ ಸಲ ನಿಂತು ನೋಡಲಿಲ್ಲ, ಎಂಜಲು ಕೈಯಲ್ಲೇ ಆಸ್ಪತ್ರೆಯ ನಂಬರು ಒತ್ತತೊಡಗಿದ.

ಎರ್ರೆಮ್ಮ ಕಣ್ಣು ತೆರೆದಳು. ಎಲ್ಲರ ಮುಖವನ್ನೂ ಒಂದೊಂದಾಗಿ ನೋಡಿದಳು.

“ಏನಿಲ್ಲ,” ಎಂದಳು. “ಉಣ್ರಿ. ಸಾರು ಆರತೈತಿ.”

“ಏನಿಲ್ಲ ಅನ್ನಬ್ಯಾಡ್ರಿ,” ಎಂದಳು ಪಲ್ಲವಿ. ಅವಳ ಕೈ ಇನ್ನೂ ಅತ್ತೆಯ ಬೆನ್ನ ಮೇಲೇ ಇತ್ತು. “ಹೆಂಗಾತು ಹೇಳ್ರಿ. ಮೊದ್ಲಿಂದ ಹೇಳ್ರಿ.”

ಆಸ್ಪತ್ರೆಯ ಹಾಸಿಗೆಯಲ್ಲೂ ಅಳದಿದ್ದವಳಿಗೆ ಈಗ ಅಳು ಬಂತು.

“ಕತ್ತೆ ಒದ್ದಂಗಾತವ್ವ ಪಲ್ಲವಿ,” ಎಂದಳು. “ಒಳಗಿಂದ ಒದೀತು. ಅದಕಿಂತ ಮೊದ್ಲು ಕಿವಿ ಮುಚ್ಚಿದಂಗ ಆಗಿತ್ತು, ನೀವೆಲ್ಲ ದೂರ ಹೋದಂಗ. ನಂಗ ಭಾಳ ಅಂಜಿಕಿ ಆತು.”

ಓಬಳಪ್ಪ ಫೋನನ್ನು ಕಿವಿಯಿಂದ ತೆಗೆದು ಹೆಂಡತಿಯ ಬಾಯಿಯ ಹತ್ತಿರ ಹಿಡಿದ. ಆ ಕಡೆ ಯಾರೋ ಹಲೋ ಅನ್ನುತ್ತಿದ್ದರು. ಎರ್ರೆಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ಫೋನಿನ ಕಡೆ ಬಾಗಿ, ಆದದ್ದನ್ನೆಲ್ಲ ಮೊದಲಿನಿಂದ ಹೇಳತೊಡಗಿದಳು. ಅವಳು ಮುಗಿಸುವವರೆಗೆ ಯಾರೂ ನಡುವೆ ಬಾಯಿ ಹಾಕಲಿಲ್ಲ.